ಕಿಸೆಯ ಉಳ್ಳಾಗಡ್ಡಿ, ತಾಟಿನ ಉಳ್ಳಾಗಡ್ಡಿ

ತೆಲುಗಿನಲ್ಲಿ ಒಂದು ಗಾದೆ ಇದೆ: ‘ಉಲ್ಲಿ ಚೇಸಿನ ಮೇಲು ತಲ್ಲಿ ಕೂಡಾ ಚೇಯದು’. ಉಳ್ಳಾಗಡ್ಡಿ ಮಾಡುವ ಉಪಕಾರವನ್ನು ಹೆತ್ತ ತಾಯಿಯೂ ಮಾಡಲಾರಳು ಎಂದು ಅರ್ಥ. ಮಾರ್ಚ್ ಅರ್ಧ ದಾಟಿ, ಹೈದರಾಬಾದಿನ ಶಾಲೆಗಳಲ್ಲಿ ‘ಒಂಟಿಪೂಟ ಬಡಿ’, ಅಂದರೆ ಅರ್ಧ ದಿನದ ತರಗತಿ ಶುರುವಾಯಿತೆಂದರೆ ಈ ಗಾದೆ ಮತ್ತೆ ಚಲಾವಣೆಗೆ ಬರುತ್ತದೆ. ಬೆಳಿಗ್ಗೆ ನಮ್ಮ ಅಪಾರ್ಟ್‌ಮೆಂಟಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ತೆಲುಗಿನಲ್ಲಿ ಕಂಡ ಸಂದೇಶ ಮಧ್ಯಾಹ್ನದ ಹೊತ್ತಿಗೆ ಊರಿನ ನಮ್ಮ ಮನೆತನದ ಗುಂಪಿನಲ್ಲಿ ಕನ್ನಡದಲ್ಲಿ ಪ್ರತ್ಯಕ್ಷ. ಬಿಸಿಲಿಗೆ ಹೊರಟಾಗ ಕಿಸೆಯಲ್ಲೊಂದು ಉಳ್ಳಾಗಡ್ಡಿ ಇಟ್ಟುಕೊಳ್ಳಿ, ಬಿಸಿಲು ಬಡಿಯುವುದಿಲ್ಲ. ಅಂಗಾಲಿಗೆ ತಿಕ್ಕಿ, ಜ್ವರ ಇಳಿಯುತ್ತದೆ. ರಸ ಹಚ್ಚಿ, ಕೂದಲು ಬರುತ್ತದೆ. ರಸ ಕುಡಿಯಿರಿ, ಶುಗರ್ ಓಡಿಹೋಗುತ್ತದೆ.

ನಾನು ರಾಯಚೂರು ಜಿಲ್ಲೆಯವನು. ಎಂ.ಟೆಕ್ ಮುಗಿಸಿ ಸಾಫ್ಟ್‌ವೇರ್ ಕೆಲಸಕ್ಕೆಂದು ಹೈದರಾಬಾದಿಗೆ ಬಂದು ಹತ್ತು ವರ್ಷ ದಾಟಿತು. ನಮ್ಮ ಕಡೆಯವರಿಗೆ ಬೆಂಗಳೂರಿಗಿಂತ ಈ ಊರೇ ಹತ್ತಿರ. ದೊಡ್ಡ ಆಸ್ಪತ್ರೆಗೂ ಇಲ್ಲಿಗೇ ಬರುತ್ತೇವೆ, ಕೂಲಿಗೂ ಇಲ್ಲಿಗೇ ಬರುತ್ತೇವೆ. ಮಾತೂ ಹತ್ತಿರ. ಕರಾವಳಿಯ ‘ನೀರುಳ್ಳಿ’, ಮೈಸೂರು ಕಡೆಯ ‘ಈರುಳ್ಳಿ’ ನಮ್ಮಲ್ಲಿ ಉಳ್ಳಾಗಡ್ಡಿ. ತೆಲಂಗಾಣದಲ್ಲಿ ಅದು ‘ಉಲ್ಲಿಗಡ್ಡ’. ತಮಿಳುನಾಡಿಗೆ ಹೋದರೆ ದೊಡ್ಡ ಈರುಳ್ಳಿಯನ್ನು ‘ಬಳ್ಳಾರಿ’ ಎಂದೇ ಕರೆಯುವವರಿದ್ದಾರೆ. ಗಡ್ಡಿ ಇಷ್ಟು ಸಲೀಸಾಗಿ ಗಡಿ ದಾಟುವಾಗ ಅದರ ಮದ್ದುಗಳೂ ದಾಟುವುದರಲ್ಲಿ ಆಶ್ಚರ್ಯವಿಲ್ಲ.

ಈ ಮನೆಮದ್ದುಗಳ ವಿಷಯ ಬಂದಾಗ ನಮ್ಮಲ್ಲಿ ಎರಡು ಪಂಗಡಗಳಾಗುತ್ತವೆ. ಒಂದು ಪಂಗಡಕ್ಕೆ ಹಿರಿಯರು ಹೇಳಿದ್ದೆಲ್ಲವೂ ವಿಜ್ಞಾನ. ಇನ್ನೊಂದಕ್ಕೆ ಎಲ್ಲವೂ ಮೂಢನಂಬಿಕೆ. ಎರಡೂ ಕಡೆಯವರು ಕೇಳುವ ಪ್ರಶ್ನೆ ಒಂದೇ: ಇದು ಕೆಲಸ ಮಾಡುತ್ತದೋ, ಇಲ್ಲವೋ? ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವ ಪ್ರಶ್ನೆ ಬೇರೆ. ಈ ಮದ್ದು ಮಾಡುತ್ತಿರುವ ಹೊತ್ತಿನಲ್ಲಿ ನಾವು ಮಾಡದೆ ಬಿಟ್ಟದ್ದು ಏನು? ಉಳ್ಳಾಗಡ್ಡಿಯ ಎಲ್ಲ ಮದ್ದುಗಳನ್ನೂ ಈ ಒಂದು ಪ್ರಶ್ನೆಯಿಂದ ತೂಗಿ ನೋಡಬಹುದು.

ಊಟದಲ್ಲಿ ಅದರ ಬೆಲೆ

ಮೊದಲು ಅದಕ್ಕೆ ಸಲ್ಲಬೇಕಾದ ಗೌರವ ಸಲ್ಲಲಿ. ನೂರು ಗ್ರಾಂ ಉಳ್ಳಾಗಡ್ಡಿಯಲ್ಲಿ 85ರಿಂದ 90 ಗ್ರಾಂ ನೀರೇ ಇರುತ್ತದೆ. ಶಕ್ತಿ 40ರಿಂದ 50 ಕಿಲೋಕ್ಯಾಲರಿ, ಸ್ವಲ್ಪ ನಾರು, 7 ಮಿಲಿಗ್ರಾಂ ಆಸುಪಾಸು ವಿಟಮಿನ್ ಸಿ, ಒಂದಿಷ್ಟು ಪೊಟ್ಯಾಷಿಯಂ. ಈ ಅಂಕಿಗಳನ್ನಷ್ಟೇ ನೋಡಿದರೆ ಇದೊಂದು ಸಾಧಾರಣ ತರಕಾರಿ. ಅದರ ವಿಶೇಷ ಇರುವುದು ಎರಡು ಕಡೆ. ಒಂದು, ಕ್ವೆರ್ಸೆಟಿನ್ ಎಂಬ ಸಸ್ಯಜನ್ಯ ವಸ್ತು. ನಾವು ತಿನ್ನುವ ಕಾಯಿಪಲ್ಲೆಗಳ ಪೈಕಿ ಇದು ಚೆನ್ನಾಗಿ ದೊರೆಯುವುದು ಉಳ್ಳಾಗಡ್ಡಿಯಲ್ಲಿ, ಅದರಲ್ಲೂ ಹೊರಗಿನ ಪದರಗಳಲ್ಲಿ. ಒಣ ಸಿಪ್ಪೆಯ ಜೊತೆಗೆ ಕೆಂಪಗಿನ ದಪ್ಪ ಪದರವನ್ನೂ ಕಿತ್ತು ಎಸೆಯುವವರು ಇದನ್ನು ಗಮನಿಸಬೇಕು.

ಎರಡು, ಗಂಧಕದ ಸಂಯುಕ್ತಗಳು. ಗಡ್ಡಿಯನ್ನು ಹೆಚ್ಚಿದಾಗ ಅದರ ಜೀವಕೋಶಗಳು ಒಡೆದು, ಬೇರೆ ಬೇರೆ ಇದ್ದ ರಸಾಯನಗಳು ಕೂಡಿ, ಕಣ್ಣಲ್ಲಿ ನೀರು ತರಿಸುವ ಅನಿಲ ಹುಟ್ಟುತ್ತದೆ. ಈ ಅನಿಲವನ್ನು ತಯಾರಿಸುವ ಪ್ರತ್ಯೇಕ ಕಿಣ್ವವೊಂದಿದೆ ಎಂದು ಜಪಾನಿನ ವಿಜ್ಞಾನಿಗಳು 2002ರಲ್ಲಿ ಪತ್ತೆ ಮಾಡಿದರು. ಕಚ್ಚಲು ಬಂದ ಕೀಟವನ್ನು ಓಡಿಸಲು ಗಡ್ಡಿ ಇಟ್ಟುಕೊಂಡ ಆಯುಧ ನಮ್ಮ ಅಡುಗೆಮನೆಯಲ್ಲಿ ರುಚಿಯಾಗಿದೆ. ಈ ಗಂಧಕದ ವಸ್ತುಗಳು ಪ್ರಯೋಗಾಲಯದ ತಟ್ಟೆಯಲ್ಲಿ ಕೆಲವು ಸೂಕ್ಷ್ಮಾಣುಗಳ ಬೆಳವಣಿಗೆಯನ್ನು ತಡೆಯುತ್ತವೆ ಎನ್ನುವುದೂ ನಿಜ. ಆದರೆ ಪ್ರಯೋಗಾಲಯದ ತಟ್ಟೆಗೂ ಮನುಷ್ಯನ ದೇಹಕ್ಕೂ ನಡುವೆ ಬಹಳ ದೂರವಿದೆ.

ನನ್ನನ್ನು ನಿಜಕ್ಕೂ ಹಿಡಿದು ನಿಲ್ಲಿಸಿದ್ದು ನಮ್ಮದೇ ಮೈಸೂರಿನ ಸಿಎಫ್‌ಟಿಆರ್‌ಐ ವಿಜ್ಞಾನಿಗಳು 2010ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ. ಧಾನ್ಯ, ಬೇಳೆಕಾಳುಗಳಲ್ಲಿರುವ ಕಬ್ಬಿಣ ಮತ್ತು ಸತು ನಮ್ಮ ದೇಹಕ್ಕೆ ಪೂರ್ತಿ ದಕ್ಕುವುದಿಲ್ಲ. ಅವುಗಳಲ್ಲೇ ಇರುವ ಫೈಟೇಟ್ ಎಂಬ ವಸ್ತು ಹಿಡಿದಿಟ್ಟುಕೊಳ್ಳುತ್ತದೆ. ಜೊತೆಗೆ ಉಳ್ಳಾಗಡ್ಡಿ ಅಥವಾ ಬಳ್ಳೊಳ್ಳಿ ಸೇರಿಸಿದಾಗ ಹೀರಿಕೆಗೆ ಸಿಗುವ ಕಬ್ಬಿಣ ಮತ್ತು ಸತುವಿನ ಪಾಲು ಹೆಚ್ಚುತ್ತದೆ ಎಂದು ಆ ಅಧ್ಯಯನ ತೋರಿಸಿತು. ಇದು ಜೀರ್ಣಕ್ರಿಯೆಯನ್ನು ಪ್ರಯೋಗಾಲಯದಲ್ಲಿ ಅನುಕರಿಸಿ ಮಾಡಿದ ಪರೀಕ್ಷೆ, ಜನರ ಮೇಲೆ ಮಾಡಿದ್ದಲ್ಲ. ಆದರೂ ಜೋಳದ ರೊಟ್ಟಿ, ಬೇಳೆ ಪಲ್ಯ, ಪಕ್ಕದಲ್ಲಿ ಗುದ್ದಿ ಒಡೆದ ಹಸಿ ಉಳ್ಳಾಗಡ್ಡಿ ಎಂಬ ನಮ್ಮ ಹೊಲದ ಬುತ್ತಿಯನ್ನು ಮನಸ್ಸಿಗೆ ತಂದುಕೊಳ್ಳಿ. ಹೆಣ್ಣುಮಕ್ಕಳ ರಕ್ತಹೀನತೆ ಇಂದಿಗೂ ದೊಡ್ಡ ಸಮಸ್ಯೆಯಾಗಿರುವ ನಮ್ಮ ಜಿಲ್ಲೆಗಳಲ್ಲಿ ಈ ಮಾತು ಯಾವ ವಾಟ್ಸ್‌ಆ್ಯಪ್ ಸಂದೇಶದಲ್ಲೂ ಬರುವುದಿಲ್ಲ. ಅದರಲ್ಲಿ ಪವಾಡವಿಲ್ಲವಲ್ಲ!

ಎಲ್ಲರ ಹೊಟ್ಟೆಗೂ ಇದು ಒಗ್ಗುತ್ತದೆ ಎಂದೂ ಅಲ್ಲ. ಉಳ್ಳಾಗಡ್ಡಿಯಲ್ಲಿರುವ ಫ್ರಕ್ಟಾನ್ ಎಂಬ ನಾರಿನಂಥ ಸಕ್ಕರೆ ಸಣ್ಣ ಕರುಳಿನಲ್ಲಿ ಜೀರ್ಣವಾಗದೆ ದೊಡ್ಡ ಕರುಳಿಗೆ ಹೋಗಿ ಹುದುಗುತ್ತದೆ. ಒಳ್ಳೆಯ ಬ್ಯಾಕ್ಟೀರಿಯಾಗಳಿಗೆ ಅದು ಊಟ; ಐಬಿಎಸ್ ಇರುವವರಿಗೆ ಅದೇ ಹೊಟ್ಟೆಯುಬ್ಬರ. ಎದೆಯುರಿ ಇರುವ ನನ್ನ ಸಹೋದ್ಯೋಗಿಯೊಬ್ಬರು ಬಿರಿಯಾನಿಯ ಜೊತೆ ಬರುವ ಹಸಿ ಚಕ್ರಗಳನ್ನು ನಮ್ಮ ತಟ್ಟೆಗೆ ದಾಟಿಸಿ ಸುಖವಾಗಿರುತ್ತಾರೆ.

ಮೂರು ಗುಂಪು

ಸಾಫ್ಟ್‌ವೇರ್‌ನಲ್ಲಿ ಒಂದು ದೋಷ ಕಂಡಾಗ ನಾವು ಮೊದಲು ಅದರ ತೀವ್ರತೆಯನ್ನು ಗುರುತಿಸುತ್ತೇವೆ. ಪರದೆಯ ಮೇಲೆ ಅಕ್ಷರ ಓರೆಯಾಗಿದ್ದರೆ ಒಂದು ದರ್ಜೆ, ಗ್ರಾಹಕರ ಹಣ ತಪ್ಪು ಖಾತೆಗೆ ಹೋಗುತ್ತಿದ್ದರೆ ಇನ್ನೊಂದು. ಉಳ್ಳಾಗಡ್ಡಿ ಮದ್ದುಗಳನ್ನೂ ಹಾಗೆ ಮೂರು ಗುಂಪು ಮಾಡಿ ನೋಡೋಣ.

ಮೊದಲನೆಯದು, ಮಾಡಿದರೆ ನಷ್ಟವಿಲ್ಲದ, ತುಸು ಲಾಭವೂ ಇರಬಹುದಾದ ಗುಂಪು. ಕೆಮ್ಮಿಗೆ ಉಳ್ಳಾಗಡ್ಡಿ ರಸ ಮತ್ತು ಜೇನುತುಪ್ಪ ಕೊಡುವ ಪದ್ಧತಿ ಇದೆ. ಇಲ್ಲಿ ಕೆಮ್ಮನ್ನು ತಗ್ಗಿಸುವ ಬಗ್ಗೆ ಒಳ್ಳೆಯ ಪುರಾವೆ ಇರುವುದು ಜೇನಿಗೆ. ಹೆಸರು ಬಂದದ್ದು ಉಳ್ಳಾಗಡ್ಡಿಗೆ. ಒಂದು ವರ್ಷ ತುಂಬದ ಕೂಸಿಗೆ ಜೇನು ಕೊಡಲೇಬಾರದು ಎಂಬುದೊಂದನ್ನು ನೆನಪಿಟ್ಟರೆ ಈ ಮದ್ದಿನ ಮೇಲೆ ನನ್ನ ತಕರಾರಿಲ್ಲ.

ಕೂದಲಿನ ಮದ್ದಿನ ಕಥೆ ಇನ್ನೂ ಸ್ವಾರಸ್ಯದ್ದು. 2002ರಲ್ಲಿ ಇರಾಕಿನ ಇಬ್ಬರು ವೈದ್ಯರು ತಲೆಯಲ್ಲಿ ನಾಣ್ಯದಷ್ಟು ಅಗಲ ಕೂದಲು ಉದುರುವ ‘ಅಲೋಪೇಸಿಯಾ ಏರಿಯೇಟಾ’ ರೋಗದವರಿಗೆ ದಿನಕ್ಕೆರಡು ಸಲ ಉಳ್ಳಾಗಡ್ಡಿ ರಸ ಹಚ್ಚಿಸಿ ನೋಡಿದರು. ಆರು ವಾರಗಳಲ್ಲಿ ರಸ ಹಚ್ಚಿದ 23 ಜನರಲ್ಲಿ 20 ಮಂದಿಗೆ ಕೂದಲು ಬಂತು. ಬರೀ ನೀರು ಹಚ್ಚಿದ 15 ಜನರಲ್ಲಿ ಇಬ್ಬರಿಗಷ್ಟೇ ಬಂತು. ಅಧ್ಯಯನ ಬಹಳ ಸಣ್ಣದು. ಅದರಲ್ಲೂ ಅದು ರೋಗನಿರೋಧಕ ಶಕ್ತಿಯ ಏರುಪೇರಿನಿಂದ ಬರುವ ಬೇರೆಯೇ ಕಾಯಿಲೆ. ಮೂವತ್ತು ದಾಟಿದ ಟೆಕ್ಕಿಗಳ ಹಣೆ ಹಿಂದೆ ಸರಿಯುವುದಕ್ಕೂ ಅದಕ್ಕೂ ಸಂಬಂಧವಿಲ್ಲ. ಆದರೆ ಹೈದರಾಬಾದಿನ ಬೋರ್‌ವೆಲ್ ನೀರನ್ನು ಬೈಯುತ್ತಾ ನಮ್ಮ ಕಚೇರಿಯ ಅರ್ಧ ಜನ ಉಳ್ಳಾಗಡ್ಡಿ ಎಣ್ಣೆ, ಉಳ್ಳಾಗಡ್ಡಿ ಶಾಂಪೂಗೆ ತಿಂಗಳಿಗೆ ನೂರಾರು ರೂಪಾಯಿ ಸುರಿಯುತ್ತಾರೆ. ಕಿಸೆಯಲ್ಲಿ ಗಡ್ಡಿ ಇಟ್ಟುಕೊಂಡ ಕೂಲಿಯವನನ್ನು ನೋಡಿ ನಗುವವರೂ ಇವರೇ. ನಂಬಿಕೆ ಚೆಂದದ ಬಾಟಲಿಯಲ್ಲಿ ಬಂದರೆ ನಮಗೆ ಅದು ವಿಜ್ಞಾನವಾಗಿ ಕಾಣುತ್ತದೆ.

ಎರಡನೆಯದು, ಲಾಭವೂ ಇಲ್ಲದ, ದೊಡ್ಡ ಹಾನಿಯೂ ಇಲ್ಲದ ಗುಂಪು. ಕೋಣೆಯಲ್ಲಿ ಹೆಚ್ಚಿದ ಉಳ್ಳಾಗಡ್ಡಿ ಇಟ್ಟರೆ ಅದು ವೈರಸ್ಸುಗಳನ್ನು ಹೀರಿಕೊಳ್ಳುತ್ತದೆ ಎಂಬ ಸಂದೇಶ ಕೋವಿಡ್ ಕಾಲದಿಂದ ಸುತ್ತುತ್ತಲೇ ಇದೆ. ವೈರಸ್ಸು ಕಬ್ಬಿಣದ ಪುಡಿಯಲ್ಲ, ಉಳ್ಳಾಗಡ್ಡಿ ಅಯಸ್ಕಾಂತವೂ ಅಲ್ಲ. ಅಮೆರಿಕದ ಉಳ್ಳಾಗಡ್ಡಿ ಬೆಳೆಗಾರರ, ವ್ಯಾಪಾರಿಗಳ ಸಂಘಟನೆಯಾದ ನ್ಯಾಷನಲ್ ಆನಿಯನ್ ಅಸೋಸಿಯೇಷನ್ನೇ ಈ ಮಾತಿಗೆ ವೈಜ್ಞಾನಿಕ ಆಧಾರವಿಲ್ಲ ಎಂದು ಹೇಳಿದೆ. ಮಾರುವವರೇ ಒಪ್ಪದ ಗುಣವನ್ನು ಕೊಳ್ಳುವವರು ಹೊಗಳುತ್ತಿದ್ದೇವೆ. 2021ರ ಎರಡನೇ ಅಲೆಯಲ್ಲಿ ಹಸಿ ಉಳ್ಳಾಗಡ್ಡಿಯನ್ನು ಸೈಂಧವ ಲವಣದ ಜೊತೆ ತಿಂದರೆ ಕೋವಿಡ್ ವಾಸಿಯಾಗುತ್ತದೆ ಎಂಬ ಸಂದೇಶ ಎಷ್ಟು ಹರಡಿತೆಂದರೆ, ಕೇಂದ್ರ ಸರ್ಕಾರದ ಪಿಐಬಿ ಸತ್ಯಶೋಧನಾ ವಿಭಾಗ ಅದು ಸುಳ್ಳೆಂದು ಪ್ರಕಟಿಸಬೇಕಾಯಿತು. ಆಮ್ಲಜನಕಕ್ಕಾಗಿ ಜನ ಅಲೆಯುತ್ತಿದ್ದ ದಿನಗಳವು. ಅಂಥ ಹೊತ್ತಿನಲ್ಲಿ ಎರಡನೇ ಗುಂಪಿನ ಮದ್ದು ತಾನಾಗಿಯೇ ಮೂರನೇ ಗುಂಪಿಗೆ ಜಾರುತ್ತದೆ.

ಮೂರನೆಯದು, ಜೀವಕ್ಕೆ ಕುತ್ತು ತರುವ ಗುಂಪು. ಕಿವಿ ನೋವಿಗೆ ಬಿಸಿ ಮಾಡಿದ ಉಳ್ಳಾಗಡ್ಡಿ ರಸ ಹಾಕುವುದು ಇದರಲ್ಲಿ ಬರುತ್ತದೆ. ಕಿವಿಯ ತಮಟೆ ಹರಿದಿದ್ದರೆ ಅದು ಒಳಕಿವಿಗೆ ಹಾನಿ ಮಾಡಬಲ್ಲದು. ಮೂರ್ಛೆ ರೋಗ ಬಂದವರಿಗೆ ಉಳ್ಳಾಗಡ್ಡಿ ಮೂಸಿಸುವುದನ್ನು ನಾವೆಲ್ಲ ನೋಡಿದ್ದೇವೆ. ಬಹುತೇಕ ಫಿಟ್ಸ್ ಒಂದೆರಡು ನಿಮಿಷದಲ್ಲಿ ತಾನಾಗಿಯೇ ನಿಲ್ಲುತ್ತವೆ. ಗಡ್ಡಿ ಹುಡುಕಿ, ಜಜ್ಜಿ, ಮೂಗಿಗೆ ಹಿಡಿಯುವಷ್ಟರಲ್ಲಿ ಅದು ನಿಲ್ಲುವ ಹೊತ್ತೂ ಬಂದಿರುತ್ತದೆ. ಕೀರ್ತಿ ಉಳ್ಳಾಗಡ್ಡಿಗೆ. ಆದರೆ ಐದು ನಿಮಿಷ ದಾಟಿದರೂ ನಿಲ್ಲದ ಫಿಟ್ಸ್ ತುರ್ತು ಸ್ಥಿತಿ. ಮೊದಲ ಹತ್ತು ಸಲ ಕೀರ್ತಿ ಪಡೆದ ಗಡ್ಡಿಯನ್ನು ನಂಬಿ ಹನ್ನೊಂದನೇ ಸಲ ಆಸ್ಪತ್ರೆಗೆ ಹೊರಡುವುದು ತಡವಾದರೆ ಏನು ಮಾಡುವುದು?

ಚೇಳು ಕಡಿತವೂ ಹಾಗೆಯೇ. ನಮ್ಮ ಕಡೆ ಕಡಿದ ಜಾಗಕ್ಕೆ ಉಳ್ಳಾಗಡ್ಡಿ ತಿಕ್ಕುವುದು ರೂಢಿ. ಎಷ್ಟೋ ಚೇಳುಗಳ ಕಡಿತ ಬರೀ ಉರಿ ತಂದು ಇಳಿಯುವುದರಿಂದ ಈ ಮದ್ದಿಗೂ ಹೆಸರು ಬಂತು. ಕೆಂಪು ಚೇಳಿನ ವಿಷ ಮಾತ್ರ ಹೃದಯಕ್ಕೆ ಹೊಡೆಯುತ್ತದೆ. ಮಹಾರಾಷ್ಟ್ರದ ಮಹಾಡ್ ಎಂಬ ಸಣ್ಣ ಊರಿನ ವೈದ್ಯ ಹಿಮ್ಮತ್‌ರಾವ್ ಬಾವಸ್ಕರ್ ಅವರು ರಕ್ತದೊತ್ತಡಕ್ಕೆ ಬಳಸುವ ಪ್ರಾಜೋಸಿನ್ ಎಂಬ ಅಗ್ಗದ ಮಾತ್ರೆಯಿಂದ ಇಂಥ ರೋಗಿಗಳನ್ನು ಉಳಿಸಬಹುದು ಎಂದು ತೋರಿಸಿದರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಆ ಮಾತ್ರೆ ಬೇಗ ಹೊಟ್ಟೆ ಸೇರಿದಷ್ಟೂ ಒಳ್ಳೆಯದು. ಗಡ್ಡಿ ತಿಕ್ಕುತ್ತಾ ಕಳೆದ ಗಂಟೆ ಆ ಮಾತ್ರೆಯ ಪಾಲಿನದು.

ಶುಗರ್ ಇಳಿಸುವ ಮಾತನ್ನೂ ಇದೇ ತಕ್ಕಡಿಗೆ ಹಾಕಿ. ಹಸಿ ಉಳ್ಳಾಗಡ್ಡಿ ತಿಂದಾಗ ರಕ್ತದ ಸಕ್ಕರೆ ತುಸು ಇಳಿಯಿತು ಎನ್ನುವ ಸಣ್ಣ ಪ್ರಯೋಗಗಳಿವೆ. ಊಟದ ಜೊತೆ ತಿನ್ನಿ, ಸಂತೋಷ. ಮಾತ್ರೆ ಬಿಟ್ಟು ಅದನ್ನೇ ತಿಂದರೆ ಅದು ಮೂರನೇ ಗುಂಪು. ಗಡ್ಡಿ ಅದೇ, ಅದು ಯಾವುದರ ಜಾಗವನ್ನು ಹಿಡಿಯಿತು ಎನ್ನುವುದರ ಮೇಲೆ ದರ್ಜೆ ಬದಲಾಗುತ್ತದೆ.

ಬಿಸಿಲು ಮತ್ತು ಕಿಸೆ

ಹೈದರಾಬಾದಿನಲ್ಲಿದ್ದು ಈ ವಿಷಯ ಬರೆಯಲು ನನಗಿರುವ ನಿಜವಾದ ಕಾರಣ ಬಿಸಿಲು. 2015ರ ಬೇಸಿಗೆಯಲ್ಲಿ ಬಿಸಿಗಾಳಿಗೆ ದೇಶದಲ್ಲಿ 2,000ಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಬಹುಪಾಲು ಆಂಧ್ರಪ್ರದೇಶ ಮತ್ತು ತೆಲಂಗಾಣದವರು. ಇಲ್ಲಿನವರು ಇದನ್ನು ‘ವಡದೆಬ್ಬ’ ಎನ್ನುತ್ತಾರೆ. ಹೆಸರಿನಲ್ಲೇ ಪೆಟ್ಟು ಇದೆ.

ಕಳೆದ ವರ್ಷ ಮೇ ಮೊದಲ ವಾರ. ನಮ್ಮ ಅಪಾರ್ಟ್‌ಮೆಂಟಿನ ಪಕ್ಕದಲ್ಲಿ ಮೂವತ್ತಕ್ಕೂ ಹೆಚ್ಚು ಅಂತಸ್ತಿನ ಕಟ್ಟಡವೊಂದು ಏಳುತ್ತಿತ್ತು. ಅಂದು ನಾನು ಮನೆಯಿಂದಲೇ ಕೆಲಸ ಮಾಡುತ್ತಿದ್ದೆ. ಮಧ್ಯಾಹ್ನ ಮೂರರ ಹೊತ್ತಿಗೆ ನಮ್ಮ ವಾಚ್‌ಮನ್ ಫೋನ್ ಮಾಡಿ, ‘ಸಾರ್, ಒಬ್ಬ ಹುಡುಗ ಬಿದ್ದಿದ್ದಾನೆ, ಕನ್ನಡ ಮಾತಾಡುತ್ತಿದ್ದಾನೆ, ನೀವೇ ಬರಬೇಕು’ ಎಂದ. ಯಾದಗಿರಿ ಕಡೆಯ ಹುಡುಗ, ಇಪ್ಪತ್ತರ ಪ್ರಾಯ, ಸೆಂಟ್ರಿಂಗ್ ಕೆಲಸದವನು. ತಗಡಿನ ಶೆಡ್ಡಿನ ಕೆಳಗೆ ಮಲಗಿಸಿದ್ದರು. ಸೂಪರ್‌ವೈಸರ್ ಅವನ ಅಂಗಾಲಿಗೆ ಉಳ್ಳಾಗಡ್ಡಿ ತಿಕ್ಕುತ್ತಿದ್ದ, ಇನ್ನೊಬ್ಬ ಮೂಗಿಗೆ ಹಿಡಿದಿದ್ದ. ಆಗಲೇ ಇಪ್ಪತ್ತು ನಿಮಿಷ ಕಳೆದಿತ್ತಂತೆ. ಹುಡುಗನ ಮೈ ಕಾದ ಹಂಚಿನಂತಿತ್ತು. ನನ್ನ ಕನ್ನಡ ಕೇಳಿ ಕಣ್ಣು ತೆರೆದು, ‘ಅಣ್ಣಾ, ಸುರಪುರ ಬಸ್ ಬಂತೇನ್ರಿ?’ ಎಂದು ಕೇಳಿದ. ತಾನೆಲ್ಲಿದ್ದೇನೆ ಎಂಬುದೇ ಅವನಿಗೆ ತಿಳಿದಿರಲಿಲ್ಲ. ಮೈ ಬಿಸಿಯೇರಿ ಮಾತು ತಪ್ಪಿತು ಎಂದರೆ ಅದು ಬರೀ ಸುಸ್ತಲ್ಲ, ಬಿಸಿಲಿನ ಆಘಾತ. ದೇಹದ ಒಳಗಿನ ತಾಪ 40 ಡಿಗ್ರಿ ಸೆಲ್ಸಿಯಸ್ ದಾಟಿ ಮಿದುಳಿಗೆ ತಟ್ಟಿದ ಲಕ್ಷಣ.

ಕಾಂಕ್ರೀಟಿಗೆ ನೀರು ಹಿಡಿಯುವ ಪೈಪು ಅಲ್ಲಿಂದ ಹತ್ತೇ ಹೆಜ್ಜೆ ದೂರದಲ್ಲಿತ್ತು. ಅದನ್ನೆಳೆದು ತಂದು ತಲೆಯಿಂದ ಕಾಲಿನವರೆಗೆ ನೀರು ಬಿಟ್ಟೆವು. ಅಂಗಿ ತೆಗೆದು, ರಟ್ಟು, ಪ್ಲೈವುಡ್ ಸಿಕ್ಕಿದ್ದರಲ್ಲಿ ಗಾಳಿ ಹಾಕಿದೆವು. ಮೇಲಿನ ಮನೆಯ ಅಕ್ಕನೊಬ್ಬರು ಫ್ರಿಜ್ಜಿನ ಮಂಜುಗಡ್ಡೆ ತಂದರು. ಕುತ್ತಿಗೆಗೆ, ಕಂಕುಳಿಗೆ ಇಟ್ಟೆವು. 108 ಬಂತು. ಹುಡುಗ ಉಳಿದ. ಒಂದು ವಾರದ ಮೇಲೆ ಊರಿಗೆ ಹೋದ.

ಆ ಸೂಪರ್‌ವೈಸರ್ ಕೆಟ್ಟವನಲ್ಲ. ತನಗೆ ಗೊತ್ತಿದ್ದದ್ದನ್ನು ಮನಸ್ಸಿಟ್ಟು ಮಾಡುತ್ತಿದ್ದ. ಹುಡುಗನ ಪ್ಯಾಂಟಿನ ಕಿಸೆಯಲ್ಲೂ ಒಂದು ಗಡ್ಡಿ ಇತ್ತು, ಬೆಳಿಗ್ಗೆ ಗುತ್ತಿಗೆದಾರನೇ ಎಲ್ಲರಿಗೂ ಹಂಚಿದ್ದನಂತೆ. ಅದೇ ನನ್ನ ತಲೆಯಲ್ಲಿ ಉಳಿದುಬಿಟ್ಟಿತು.

ಕಿಸೆಯ ಗಡ್ಡಿ ನಿಜಕ್ಕೂ ಎಷ್ಟು ಬಿಸಿ ಹೀರಬಲ್ಲದು ಎಂದು ಸರಳ ಲೆಕ್ಕ ಹಾಕಬಹುದು. ನೂರು ಗ್ರಾಂ ತೂಗುವ ಗಡ್ಡಿಯನ್ನು 10 ಡಿಗ್ರಿ ಬಿಸಿ ಮಾಡಲು ಬೇಕಾಗುವ ಶಾಖ ಸುಮಾರು 1 ಕಿಲೋಕ್ಯಾಲರಿ. ಅಷ್ಟು ಹೀರಿದ ಮೇಲೆ ಅದೂ ನಮ್ಮ ಮೈಯಷ್ಟೇ ಬೆಚ್ಚಗಾಗಿರುತ್ತದೆ, ಮುಂದೆ ಹೀರಲಾರದು. ಅದೇ ನೂರು ಗ್ರಾಂ ಬೆವರು ಚರ್ಮದ ಮೇಲೆ ಆರಿದರೆ ಸುಮಾರು 58 ಕಿಲೋಕ್ಯಾಲರಿ ಶಾಖ ದೇಹ ಬಿಟ್ಟು ಹೋಗುತ್ತದೆ. ಭಾರ ಹೊರುವ ಮನುಷ್ಯನ ಮೈ ಗಂಟೆಗೆ 300 ಕಿಲೋಕ್ಯಾಲರಿಗೂ ಹೆಚ್ಚು ಶಾಖ ಹುಟ್ಟಿಸುತ್ತದೆ. ಅಂದರೆ ಅವನನ್ನು ಕಾಯುವುದು ಬೆವರು. ಬೆವರಿಗೆ ಬೇಕಾದದ್ದು ನೀರು ಮತ್ತು ಉಪ್ಪು. ಒಂದು ಲೀಟರ್ ಬೆವರಿನಲ್ಲಿ ನೂರಾರು ಮಿಲಿಗ್ರಾಂ ಸೋಡಿಯಂ ಹೋಗುತ್ತದೆ. ನೂರು ಗ್ರಾಂ ಉಳ್ಳಾಗಡ್ಡಿಯನ್ನು ತಿಂದರೂ ಅದರಲ್ಲಿರುವ ಸೋಡಿಯಂ ಸುಮಾರು 4 ಮಿಲಿಗ್ರಾಂ ಮಾತ್ರ.

ಅಜ್ಜಿಯ ಪೂರ್ತಿ ಮದ್ದು

ಹಾಗಾದರೆ ಹಿರಿಯರು ದಡ್ಡರೇ? ನಾನು ಹಾಗೆ ಹೇಳಲಾರೆ. ಬಿಸಿಲಿನ ನಾಡಿನಲ್ಲಿ ನೂರಾರು ವರ್ಷ ಬದುಕಿದವರು ಏನು ಮಾಡುತ್ತಿದ್ದರು ಎನ್ನುವುದನ್ನು ಪೂರ್ತಿಯಾಗಿ ನೋಡಬೇಕು.

ನಮ್ಮಜ್ಜಿಯ ಕಾಲದಲ್ಲಿ ಬೇಸಿಗೆಯ ಹೊಲದ ಕೆಲಸ ನಸುಕಿನಲ್ಲೇ ಶುರು. ಹತ್ತೂವರೆ, ಹನ್ನೊಂದರ ಹೊತ್ತಿಗೆ ಎತ್ತುಗಳನ್ನೂ ಬಿಟ್ಟು ಬೇವಿನ ಮರದ ಕೆಳಗೆ ಸೇರುತ್ತಿದ್ದರು. ಗಡಿಗೆಯಲ್ಲಿ ಜೋಳದ ಅಂಬಲಿ, ಅದಕ್ಕೆ ಮಜ್ಜಿಗೆ, ಕೈತುಂಬ ಉಪ್ಪು, ಕಚ್ಚಿಕೊಳ್ಳಲು ಉಳ್ಳಾಗಡ್ಡಿ. ತಲೆಗೆ ಒದ್ದೆ ಟವೆಲ್. ಮತ್ತೆ ಹೊಲಕ್ಕೆ ಇಳಿಯುವುದು ಬಿಸಿಲು ಇಳಿದ ಮೇಲೆ. ‘ಕಿಸೆದಾಗ ಒಂದು ಗಡ್ಡಿ ಇಟ್ಕೊ, ಬಿಸಿಲು ಬಡಿಯಂಗಿಲ್ಲ’ ಎಂದು ಅಜ್ಜಿ ಹೇಳುತ್ತಿದ್ದುದು ನಿಜ. ಆದರೆ ಆ ಗಡ್ಡಿ ಹನ್ನೊಂದು ಗಂಟೆಗೆ ಕಿಸೆಯಿಂದ ಹೊರಬಂದು ಅಂಬಲಿಯ ಜೊತೆ ಹೊಟ್ಟೆ ಸೇರುತ್ತಿತ್ತು. ತೆಲಂಗಾಣದ ಹಳ್ಳಿಗಳಲ್ಲೂ ಇದೇ ಕ್ರಮ. ಅಲ್ಲಿ ಜೊನ್ನ ಅಂಬಲಿ ಇದೆ. ಹುಣಸೆ ನೀರಿಗೆ ಹಸಿ ಉಳ್ಳಾಗಡ್ಡಿ, ಹಸಿಮೆಣಸು, ಉಪ್ಪು ಕಿವುಚಿ ಮಾಡುವ ‘ಪಚ್ಚಿಪುಲುಸು’ ಇದೆ. ಒಲೆ ಹಚ್ಚದೆಯೇ ಆಗುವ ಬೇಸಿಗೆಯ ಸಾರು ಅದು. ನೀರು, ಉಪ್ಪು, ಹುಳಿ, ಅದರ ಜೊತೆ ಉಳ್ಳಾಗಡ್ಡಿ.

ಹಿರಿಯರ ಮದ್ದಿನಲ್ಲಿ ಐದಾರು ಅಂಶಗಳಿದ್ದವು: ಹೊತ್ತು ನೋಡಿ ಕೆಲಸ, ನೆರಳು, ನೀರು, ಉಪ್ಪು, ಮಜ್ಜಿಗೆ, ಉಳ್ಳಾಗಡ್ಡಿ. ಇವುಗಳಲ್ಲಿ ಖರ್ಚಿಲ್ಲದೆ, ಕೆಲಸ ನಿಲ್ಲಿಸದೆ ನಗರಕ್ಕೆ ತರಬಹುದಾದದ್ದು ಒಂದೇ. ಅದನ್ನು ತಂದೆವು. ಉಳಿದವನ್ನು ಊರಲ್ಲೇ ಬಿಟ್ಟೆವು. ಜಾನಪದ ವೈದ್ಯ ಸೋತಿತು ಎಂದು ನಾವು ಈಗ ಹೇಳುವುದು, ಹತ್ತು ಸಾಲಿನ ಪ್ರೋಗ್ರಾಮಿನಲ್ಲಿ ಒಂಬತ್ತನ್ನು ಅಳಿಸಿ, ಉಳಿದ ಒಂದು ಸಾಲು ನಡೆಯುತ್ತಿಲ್ಲ ಎಂದು ದೂರಿದ ಹಾಗೆ.

ಯಾರಿಗೆ ನೆರಳು, ಯಾರಿಗೆ ಗಡ್ಡಿ

ಹೊತ್ತು ಬದಲಿಸುವುದು ನಮಗೆ ಗೊತ್ತಿಲ್ಲದ ವಿದ್ಯೆಯೇನಲ್ಲ. ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿ ಏಪ್ರಿಲ್, ಮೇ ತಿಂಗಳುಗಳಲ್ಲಿ ಸರ್ಕಾರಿ ಕಚೇರಿಗಳನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಸುವ ಪದ್ಧತಿ ಬಹಳ ಹಿಂದಿನಿಂದ ಇದೆ. ಹೈದರಾಬಾದಿನ ಶಾಲೆಗಳಿಗೆ ಒಂಟಿಪೂಟ ಬಡಿ ಇದೆ. ನನ್ನಂಥವರಿಗೆ ಹವಾನಿಯಂತ್ರಿತ ಕಚೇರಿ ಇದೆ, ಮನೆಯಿಂದ ಕೆಲಸ ಮಾಡುವ ಅನುಕೂಲವಿದೆ. ಫ್ಯಾನಿನ ಕೆಳಗೆ ಕೂರುವವರಿಗೆ ಗಡಿಯಾರವೇ ಬಗ್ಗುತ್ತದೆ. ಸ್ಲ್ಯಾಬಿನ ಮೇಲೆ ಕಂಬಿ ಕಟ್ಟುವವನಿಗೆ ಕಿಸೆಯಲ್ಲೊಂದು ಗಡ್ಡಿ.

ಹೊಸ ಕಾಂಕ್ರೀಟಿಗೆ ಕನಿಷ್ಠ ಏಳು ದಿನ ನೀರುಣಿಸಬೇಕು ಎಂಬ ನಿಯಮ ಇದೆ, ಇಲ್ಲದಿದ್ದರೆ ಅದು ಬಿರುಕು ಬಿಡುತ್ತದೆ. ಆ ನಿಯಮವನ್ನು ಯಾವ ಎಂಜಿನಿಯರೂ ಮರೆಯುವುದಿಲ್ಲ. ಕಾರ್ಮಿಕನಿಗೆ ಕುಡಿಯುವ ನೀರು, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಒದಗಿಸುವುದು ಕಟ್ಟಿಸುವವರ ಹೊಣೆ ಎಂದು ಕಟ್ಟಡ ಕಾರ್ಮಿಕರ ಕಾಯ್ದೆ ಹೇಳಿದ್ದು 1996ರಲ್ಲಿ. ಅದನ್ನು ನೆನಪಿಡುವವರು ಕಡಿಮೆ. ತೆಲಂಗಾಣ ಸರ್ಕಾರ 2025ರ ಏಪ್ರಿಲ್‌ನಲ್ಲಿ ಬಿಸಿಗಾಳಿಯನ್ನು ರಾಜ್ಯದ ವಿಶೇಷ ವಿಪತ್ತು ಎಂದು ಘೋಷಿಸಿ, ಸತ್ತವರ ಕುಟುಂಬಕ್ಕೆ 4 ಲಕ್ಷ ರೂಪಾಯಿ ಪರಿಹಾರ ಕೊಡುವುದಾಗಿ ಹೇಳಿತು. ಒಳ್ಳೆಯ ಹೆಜ್ಜೆ. ಆದರೆ ಆ ಹಣ ಬರುವುದು ಸತ್ತ ಮೇಲೆ. ಬದುಕಿರುವಾಗ ಬೇಕಾದದ್ದು ದಿನಕ್ಕೆ ನಾಲ್ಕಾರು ಲೀಟರ್ ನೀರು, ಒಂದಿಷ್ಟು ಉಪ್ಪು ಸಕ್ಕರೆ, ಮಧ್ಯಾಹ್ನ ಮೂರ್ನಾಲ್ಕು ಗಂಟೆಯ ನೆರಳು. 2010ರ ಬಿಸಿಗಾಳಿಯಲ್ಲಿ ತತ್ತರಿಸಿದ ಅಹಮದಾಬಾದ್ 2013ರಲ್ಲಿ ತನ್ನದೇ ಶಾಖ ಕ್ರಿಯಾ ಯೋಜನೆ ಮಾಡಿಕೊಂಡಿತು. ಅದರಲ್ಲಿ ಮುನ್ನೆಚ್ಚರಿಕೆಯ ಸಂದೇಶ, ಕುಡಿಯುವ ನೀರು, ಆಸ್ಪತ್ರೆಗಳ ಸಿದ್ಧತೆ ಇವೆಲ್ಲ ಸೇರಿದವು. ನಮ್ಮಜ್ಜಿಯ ಪಟ್ಟಿಯೂ ಹೆಚ್ಚುಕಡಿಮೆ ಇದೇ.

ನನ್ನ ಆಕ್ಷೇಪ ಇರುವುದು ಇಲ್ಲಿ. ಉಳ್ಳಾಗಡ್ಡಿ ಕಿಸೆಯಲ್ಲಿದ್ದರೆ ಅದರಿಂದ ಯಾರಿಗೂ ತೊಂದರೆಯಿಲ್ಲ. ‘ಗಡ್ಡಿ ಕೊಟ್ಟಿದ್ದೇನಲ್ಲ’ ಎಂಬ ಸಮಾಧಾನದಲ್ಲಿ ನೀರಿನ ಡ್ರಮ್ಮು ಖಾಲಿ ಬಿದ್ದರೆ, ಮಧ್ಯಾಹ್ನದ ಪಾಳಿ ಮುಂದುವರಿದರೆ, ಬಿದ್ದವನ ಇಪ್ಪತ್ತು ನಿಮಿಷ ಅಂಗಾಲಿನಲ್ಲಿ ಕಳೆದರೆ ತೊಂದರೆ. ಬಡವನ ನಂಬಿಕೆ ಉಳ್ಳವನ ಉಳಿತಾಯವಾಗಬಾರದು.

ಈ ಬೇಸಿಗೆಗೆ

ಹೈದರಾಬಾದಿನಲ್ಲಿರುವ ಕನ್ನಡಿಗರಲ್ಲಿ ನಾನೊಂದು ಮಾತು ಕೇಳಿಕೊಳ್ಳುತ್ತೇನೆ. ಗಚ್ಚಿಬೌಲಿ, ಕೋಕಾಪೇಟೆ, ನಾನಕ್‌ರಾಮ್‌ಗುಡದ ಕಟ್ಟಡಗಳಲ್ಲಿ ಕಂಬಿ ಕಟ್ಟುವವರ ಮಾತಿಗೆ ಒಮ್ಮೆ ಕಿವಿಗೊಡಿ. ಪಾಲಮೂರಿನ ತೆಲುಗಿನ ಜೊತೆ ಯಾದಗಿರಿ, ರಾಯಚೂರು, ಕಲಬುರಗಿಯ ಕನ್ನಡವೂ ಕೇಳುತ್ತದೆ. ರಾಜ್ಯೋತ್ಸವಕ್ಕೆ ಸೇರುವ ನಮಗೆ ಏಪ್ರಿಲ್, ಮೇ ತಿಂಗಳಲ್ಲೂ ಒಂದು ಕೆಲಸವಿದೆ. ನಿಮ್ಮ ಅಪಾರ್ಟ್‌ಮೆಂಟಿನ ಸಂಘದಲ್ಲಿ ಮಾತಾಡಿ ಗೇಟಿನ ಬಳಿ ನೀರಿನ ಮಡಕೆ, ಓಆರ್‌ಎಸ್ ಪೊಟ್ಟಣ ಇಡಿಸಿ. ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಸಾಕು. ಪಕ್ಕದ ಕಟ್ಟಡದ ಮೇಸ್ತ್ರಿಗೆ ಮೂರೇ ಮಾತು ಹೇಳಿಕೊಡಿ: ಮಾತು ತಪ್ಪಿದರೆ ನೆರಳಿಗೆ ತಂದು ಮೈಮೇಲೆ ನೀರು ಸುರಿ, ಗಾಳಿ ಹಾಕು, 108ಕ್ಕೆ ಫೋನ್ ಮಾಡು. ಪ್ರಜ್ಞೆ ಇಲ್ಲದವನ ಬಾಯಿಗೆ ನೀರಾಗಲಿ, ಉಳ್ಳಾಗಡ್ಡಿ ರಸವಾಗಲಿ ಹಾಕಬೇಡ ಎನ್ನುವುದನ್ನೂ ಸೇರಿಸಿ, ಉಸಿರಿನ ನಾಳಕ್ಕೆ ಹೋಗುತ್ತದೆ. ಈ 108 ಸೇವೆ ಮೊದಲು ಶುರುವಾದದ್ದು ಇದೇ ಹೈದರಾಬಾದಿನಲ್ಲಿ, 2005ರ ಆಗಸ್ಟ್ 15ರಂದು. ಕರ್ನಾಟಕಕ್ಕೆ ‘ಆರೋಗ್ಯ ಕವಚ’ವಾಗಿ ಬಂದದ್ದು 2008ರಲ್ಲಿ. ಗಡಿಯಾಚೆ ಹೋಗಿ ನಮಗೂ ಒದಗಿದ ಮದ್ದುಗಳಲ್ಲಿ ಇದೂ ಒಂದು.

ವಾಟ್ಸ್‌ಆ್ಯಪ್ ಸಂದೇಶ ಬಂದರೆ ಅಳಿಸಬೇಡಿ, ಕಳುಹಿಸಿದ ದೊಡ್ಡಪ್ಪನನ್ನು ಹಂಗಿಸಲೂ ಬೇಡಿ. ಅವರ ಕಾಳಜಿ ಸುಳ್ಳಲ್ಲ. ಅದರ ಕೆಳಗೆ ಇನ್ನೆರಡು ಸಾಲು ಸೇರಿಸಿ ಮುಂದಕ್ಕೆ ಕಳುಹಿಸಿ: ಉಳ್ಳಾಗಡ್ಡಿಯ ಜೊತೆ ಮಜ್ಜಿಗೆ ಕುಡಿಯಿರಿ, ಹನ್ನೆರಡರಿಂದ ಮೂರರವರೆಗೆ ನೆರಳಲ್ಲಿರಿ. ಮನೆಯ ಕೆಲಸದವರನ್ನು, ಊಟ ತಂದುಕೊಡುವ ಡೆಲಿವರಿ ಹುಡುಗನನ್ನು ನಿಲ್ಲಿಸಿ ಒಂದು ಚೊಂಬು ನೀರು ಕೊಡಿ.

ಇನ್ನು ಆ ತೆಲುಗು ಗಾದೆಯ ಬಗ್ಗೆ. ಉಳ್ಳಾಗಡ್ಡಿಯನ್ನು ತಾಯಿಗೆ ಹೋಲಿಸಿದವರಿಗೆ ತಾಯಿ ಅದನ್ನು ಹೇಗೆ ಕೊಡುತ್ತಾಳೆ ಎನ್ನುವುದು ಚೆನ್ನಾಗಿ ಗೊತ್ತಿದ್ದಿರಬೇಕು. ಯಾವ ತಾಯಿಯೂ ಬಿಸಿಲಿಗೆ ಹೊರಟ ಮಗನ ಕೈಗೆ ಬರೀ ಗಡ್ಡಿ ಕೊಟ್ಟು ಕಳುಹಿಸುವುದಿಲ್ಲ. ರೊಟ್ಟಿ ಕಟ್ಟುತ್ತಾಳೆ, ಮಜ್ಜಿಗೆ ತುಂಬುತ್ತಾಳೆ, ಹೊತ್ತು ಏರುವುದರೊಳಗೆ ಮನೆಗೆ ಬಾ ಎನ್ನುತ್ತಾಳೆ.